ಅಂಕೆಯೊಳಗಣ ಚಿತ್ರ

ಚಿತ್ರವನ್ನು ನೋಡಬೇಕಾದರೆ ಕಣ್ಣು, ಬೆಳಕು ಇವೆರಡಿದ್ದರೆ ಸಾಕೆಂದು ಮನುಷ್ಯಕುಲವು ಸಾವಿರಾರು ವರ್ಷಗಳ ಕಾಲ ನಂಬಿಕೊಂಡು ಬಂದಿತು. ಆ ನಂಬಿಕೆ ಹುಸಿಯೂ ಆಗಿರಲಿಲ್ಲ. ಅಜಂತೆಯ ಗೋಡೆಯ ಮುಂದೆ ದೀಪ ಹಿಡಿದು ನಿಂತವನಿಗೆ ಮತ್ತಾವ ಉಪಕರಣವೂ ಬೇಕಾಗಿರಲಿಲ್ಲ. ಅಜ್ಜನ ಮದುವೆಯ ಪಟ ನಡುಮನೆಯ ಗೋಡೆಯ ಮೇಲೆ ತೂಗುತ್ತಿದ್ದಷ್ಟು ಕಾಲವೂ ಮನೆಗೆ ಬಂದವರೆಲ್ಲರೂ ಅದನ್ನು ಯಾರ ನೆರವೂ ಇಲ್ಲದೆ ನೋಡಿದರು. ಬರಹಕ್ಕಾದರೋ ಓದಬಲ್ಲವನೊಬ್ಬ ಬೇಕು. ಚಿತ್ರಕ್ಕೆ ಆ ಹಂಗಿಲ್ಲ. ಚಿತ್ರದ ಹೆಚ್ಚುಗಾರಿಕೆ ಇದರಲ್ಲಿಯೇ ಇದೆಯೆಂದು ಹಿರಿಯರು ಹೇಳುತ್ತಿದ್ದರು.

ಕಂಪ್ಯೂಟರು ಬಂದು ಈ ಭೇದವನ್ನು ಅಳಿಸಿಹಾಕಿತು. ಕಂಪ್ಯೂಟರಿನೊಳಗೆ ನಾವು ಇಟ್ಟುಕೊಂಡಿರುವ ಮದುವೆಯ ಚಿತ್ರ, ಮಗುವಿನ ಚಿತ್ರ, ಯಾತ್ರೆಯ ಚಿತ್ರ ಇವೆಲ್ಲವೂ ಅಲ್ಲಿ ಅಂಕೆಗಳ ಸಾಲುಗಳಾಗಿ ಬಿದ್ದುಕೊಂಡಿವೆ. ಆ ಅಂಕೆಗಳಲ್ಲಿ ಬಣ್ಣವೂ ಇಲ್ಲ, ಮುಖವೂ ಇಲ್ಲ. ಊರ ಹೊರಗಿನ ಕಲ್ಲುಶಾಸನವು ಹಳಗನ್ನಡವನ್ನು ಬಲ್ಲವನೊಬ್ಬನನ್ನು ಕಾಯುವಂತೆ, ಅವೂ ತಮ್ಮ ಲಿಪಿಯನ್ನು ಬಲ್ಲವನೊಬ್ಬನನ್ನು ಕಾಯುತ್ತಿರುತ್ತವೆ. ಇಮೇಜ್ ವ್ಯೂಯರ್ ಎಂದು ಕರೆಯುವ ಪುಟ್ಟ ತಂತ್ರಾಂಶ ಮಾಡುವುದು ಆ ಓದುವ ಕೆಲಸವನ್ನೇ. ನಾವು ಮೌಸನ್ನು ಎರಡು ಬಾರಿ ಒತ್ತಿದೊಡನೆ ಅದು ಅಂಕೆಗಳನ್ನು ಓದಿ, ಅರ್ಥಮಾಡಿ, ಪರದೆಯ ಮೇಲೆ ಚಿತ್ರವನ್ನು ಬಿಡಿಸುತ್ತದೆ. ಇದಕ್ಕೆ ತಗಲುವುದು ಕಣ್ಣೆವೆ ಇಕ್ಕುವಷ್ಟು ಕಾಲ. ಆದುದರಿಂದಲೇ ಈ ಸೇವಕನನ್ನು ನಾವು ಗಮನಿಸುವುದಿಲ್ಲ. ಆದರೆ ಇವನಿಗೂ ಒಂದು ಚರಿತ್ರೆಯುಂಟು. ಅದರ ಮುಖ್ಯ ಅಧ್ಯಾಯವೊಂದರಲ್ಲಿ ಬೆಂಗಳೂರಿನ ಹೆಸರೂ ಉಂಟು.

ಮೂರು ತಿಂಗಳ ಮಗು

ಕಂಪ್ಯೂಟರಿನೊಳಗೆ ಹೊಕ್ಕ ಮೊದಲ ಛಾಯಾಚಿತ್ರ ಯಾವ ರಾಜನದೂ ಅಲ್ಲ, ಯಾವ ನಾಯಕನದೂ ಅಲ್ಲ. ಮೂರು ತಿಂಗಳ ಕೂಸಿನದು. 1957ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಎಂಬ ಸರಕಾರಿ ಸಂಸ್ಥೆಯಲ್ಲಿ ರಸೆಲ್ ಕರ್ಷ್ ಎಂಬ ವಿಜ್ಞಾನಿಯಿದ್ದರು. ಕಂಪ್ಯೂಟರು ಲೆಕ್ಕ ಮಾಡುತ್ತದೆ, ಸರಿ. ಅದು ನಮ್ಮಂತೆ ನೋಡಬಲ್ಲುದಾದರೆ ಹೇಗೆ ಎಂಬ ಪ್ರಶ್ನೆ ಅವರನ್ನು ಕಾಡುತ್ತಿದ್ದಿತು. ಅವರೂ ಅವರ ಸಂಗಡಿಗರೂ ಒಂದು ಯಂತ್ರವನ್ನು ಕಟ್ಟಿದರು. ಸುತ್ತುವ ಉರುಳೆಗೆ ಪಟವನ್ನು ಅಂಟಿಸಿ, ಅದರ ಮೇಲೆ ಬೆಳಕು ಬಿಟ್ಟು, ಮರಳಿ ಬರುವ ಬೆಳಕನ್ನು ಚುಕ್ಕೆ ಚುಕ್ಕೆಯಾಗಿ ಅಳೆಯುವ ಯಂತ್ರವದು. ಕರ್ಷರು ಅದಕ್ಕೆ ತಮ್ಮ ಮಗ ವಾಲ್ಡನ್‌ನ ಪಟವನ್ನು ಕೊಟ್ಟರು. ಅಗಲಕ್ಕೆ 176, ಎತ್ತರಕ್ಕೆ 176, ಹೀಗೆ ಒಟ್ಟು 30,976 ಚುಕ್ಕೆಗಳಾಗಿ ಆ ಪಟ ಸೀಯಾಕ್ ಎಂಬ ಕಂಪ್ಯೂಟರಿನೊಳಗೆ ಇಳಿಯಿತು.

ಆ ಯಂತ್ರಕ್ಕೆ ತಿಳಿಯುತ್ತಿದ್ದುದು ಕಪ್ಪು, ಬಿಳಿ ಎರಡೇ. ನಡುವಣ ಬೂದುಬಣ್ಣ ಬರಬೇಕಾದರೆ ಒಂದೇ ಪಟವನ್ನು ಬೇರೆ ಬೇರೆ ಅಳತೆಗೋಲಿನಿಂದ ಹಲವು ಸಲ ಓದಿಸಿ, ಫಲಿತಗಳನ್ನು ಒಂದರ ಮೇಲೊಂದು ಕೂಡಿಸಬೇಕಾಯಿತು. ಹಾಗೆ ಕೂಡಿಸಿದಾಗ ತುಸು ಮಸುಕಾದ, ಆದರೆ ತಂದೆ ಗುರುತು ಹಿಡಿಯಬಲ್ಲ ಮುಖವೊಂದು ಪರದೆಯ ಮೇಲೆ ಮೂಡಿತು. ಈ ಚೌಕಾಕಾರದ ಚುಕ್ಕೆಯೇ ಇಂದಿನ ಪಿಕ್ಸೆಲ್. ಚುಕ್ಕೆಯನ್ನು ಚೌಕವಾಗಿ ಮಾಡಿದುದು ಅವಿವೇಕವಾಯಿತೆಂದು ಕರ್ಷರು ಮುಪ್ಪಿನಲ್ಲಿ ನೊಂದುಕೊಂಡು, ಅದನ್ನು ತಿದ್ದುವ ಬೇರೆ ವಿಧಾನವೊಂದನ್ನು ಕುರಿತು ಕೆಲಸಮಾಡಿದರು. 2020ರಲ್ಲಿ ಅವರು ತೀರಿಕೊಂಡಾಗಲೂ ಜಗತ್ತಿನ ಚಿತ್ರಗಳು ಚೌಕಗಳಲ್ಲಿಯೇ ಇದ್ದುವು.

ಒಂದು ಅಕ್ಷರದ ಜಗಳ, ಒಂದು ಹಕ್ಕಿನ ಜಗಳ

ಚಿತ್ರ ಅಂಕೆಯಾಯಿತು, ಆದರೆ ಆ ಅಂಕೆಗಳನ್ನು ಯಾವ ಕ್ರಮದಲ್ಲಿ ಬರೆದಿಡಬೇಕು? ಒಬ್ಬನು ಮೇಲಿನಿಂದ ಕೆಳಕ್ಕೆ ಬರೆದರೆ ಇನ್ನೊಬ್ಬನು ಕೆಳಗಿನಿಂದ ಮೇಲಕ್ಕೆ ಬರೆಯಬಹುದು. ಬರೆದವನ ಪದ್ಧತಿ ಓದುವವನಿಗೆ ಗೊತ್ತಿಲ್ಲದಿದ್ದರೆ ಚಿತ್ರ ಹುಟ್ಟುವುದೇ ಇಲ್ಲ. 1980ರ ದಶಕದಲ್ಲಿ ಒಂದೊಂದು ಜಾತಿಯ ಕಂಪ್ಯೂಟರಿಗೂ ಒಂದೊಂದು ಪದ್ಧತಿಯಿದ್ದಿತು. ಟೆಲಿಫೋನ್ ತಂತಿಯ ಮೂಲಕ ಜನರ ಕಂಪ್ಯೂಟರುಗಳಿಗೆ ಸುದ್ದಿ, ಮಾಹಿತಿಗಳನ್ನು ಒದಗಿಸುತ್ತಿದ್ದ ಕಾಂಪ್ಯುಸರ್ವ್ ಎಂಬ ಅಮೆರಿಕದ ಕಂಪನಿಗೆ ಇದು ದೊಡ್ಡ ತೊಡಕಾಯಿತು. ಎಲ್ಲ ಯಂತ್ರಗಳೂ ಓದಬಲ್ಲ, ನಿಧಾನವಾದ ತಂತಿಯಲ್ಲಿಯೂ ಬೇಗ ಸಾಗಬಲ್ಲ ಒಂದು ಪದ್ಧತಿ ಅದಕ್ಕೆ ಬೇಕಾಗಿದ್ದಿತು. ಸ್ಟೀವ್ ವಿಲ್‌ಹೈಟ್ ಎಂಬುವರ ನೇತೃತ್ವದಲ್ಲಿ 1987ರ ಜೂನ್ ತಿಂಗಳಲ್ಲಿ ಅದು ಹೊರಬಂದಿತು. ಒಂದು ಚಿತ್ರಕ್ಕೆ 256 ಬಣ್ಣಗಳ ಮಿತಿಯಿದ್ದ ಆ ಪದ್ಧತಿಯ ಹೆಸರೇ ಜಿಐಎಫ್.

ಇದನ್ನು ಉಚ್ಚರಿಸುವುದು ಹೇಗೆಂಬುದರ ಮೇಲೆ ಇಂಗ್ಲಿಷಿನವರು ದಶಕಗಟ್ಟಲೆ ಕಾದಾಡಿದರು. ಜನ್ಮದಾತನು ‘ಜಿಫ್’ ಎಂದೇ ಅನ್ನಬೇಕೆಂದು ಹಟಹಿಡಿದನು. ಲೋಕದ ಬಹುಪಾಲು ‘ಗಿಫ್’ ಎಂದಿತು. ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಎರಡು ದನಿಗೂ ದುಡಿಯುವುದರಿಂದ ಅಲ್ಲಿ ಬರಹದ ಮಟ್ಟಿಗೆ ಸಂಶಯವನ್ನು ಬಚ್ಚಿಡಬಹುದು. ಕನ್ನಡದಲ್ಲಿ ಬರೆಯಹೊರಟವನಿಗೆ ಆ ಸೌಕರ್ಯವಿಲ್ಲ. ಗಕಾರವೋ ಜಕಾರವೋ ಒಂದನ್ನು ಆರಿಸಿಕೊಂಡು ಒಂದು ಪಕ್ಷಕ್ಕೆ ಸೇರಲೇಬೇಕು. ಬೇಡವೆಂದರೆ ಮೇಲೆ ಮಾಡಿರುವಂತೆ ಬಿಡಿ ಅಕ್ಷರಗಳನ್ನು ಹೇಳಿ ತಪ್ಪಿಸಿಕೊಳ್ಳಬೇಕು.

ಉಚ್ಚಾರಣೆಯ ಜಗಳ ನಗೆಯ ಮಾತಾಯಿತು. ಇನ್ನೊಂದು ಜಗಳ ಹಾಗಿರಲಿಲ್ಲ. ಚಿತ್ರವನ್ನು ಕುಗ್ಗಿಸಲು ಜಿಐಎಫ್ ಬಳಸಿಕೊಂಡ ಉಪಾಯದ ಮೂಲ ಅಬ್ರಹಾಂ ಲೆಂಪೆಲ್, ಜೇಕಬ್ ಜಿವ್ ಎಂಬ ಇಸ್ರೇಲಿನ ವಿದ್ವಾಂಸರದು. 1984ರಲ್ಲಿ ಟೆರಿ ವೆಲ್ಚ್ ಎಂಬುವರು ಅದನ್ನು ಸುಧಾರಿಸಿ ಪ್ರಕಟಿಸಿದ್ದರು. ಆ ಉಪಾಯದ ಮೇಲೆ ಪೇಟೆಂಟ್ ಇದ್ದುದು ಜಿಐಎಫ್ ರಚಿಸಿದವರಿಗೆ ತಿಳಿದಿರಲಿಲ್ಲ. ಪೇಟೆಂಟಿನ ಒಡೆಯರಾದ ಯುನಿಸಿಸ್ ಕಂಪನಿ ತನ್ನ ಹಕ್ಕನ್ನು ಮುಂದಿಟ್ಟಿತು. ಜಿಐಎಫ್ ಬಳಸುವ ತಂತ್ರಾಂಶಗಳನ್ನು ಮಾಡುವವರು ಶುಲ್ಕ ತೆರಬೇಕೆಂಬ ಪ್ರಕಟಣೆ 1994ರ ಡಿಸೆಂಬರ್ ಕೊನೆಯಲ್ಲಿ ಹೊರಬಿದ್ದಿತು. ಏಳು ವರ್ಷಗಳಿಂದ ಎಲ್ಲರೂ ನಡೆದಾಡುತ್ತಿದ್ದ ದಾರಿಗೆ ಏಕಾಏಕಿ ಸುಂಕದ ಕಟ್ಟೆ ಬಿದ್ದಂತಾಯಿತು.

ಇದಕ್ಕೆ ಬಂದ ಉತ್ತರ ಚರಿತ್ರೆಯಲ್ಲಿ ನೆನಪಿಡತಕ್ಕದ್ದು. 1995ರ ಜನವರಿಯಲ್ಲಿಯೇ ಥಾಮಸ್ ಬೂಟೆಲ್ ಎಂಬುವರು ಹೊಸ ಪದ್ಧತಿಯೊಂದರ ಕರಡನ್ನು ಮುಂದಿಟ್ಟರು. ಬೇರೆ ಬೇರೆ ಊರುಗಳ ಪ್ರೋಗ್ರಾಮರುಗಳು ಅಂತರ್ಜಾಲದ ಮೂಲಕವೇ ಚರ್ಚಿಸಿ, ಕೂಲಿಯ ಆಸೆಯಿಲ್ಲದೆ ಅದನ್ನು ಬೆಳೆಸಿದರು. 1996ರ ಅಕ್ಟೋಬರಿನಲ್ಲಿ ಅದು ವಿಶ್ವವ್ಯಾಪಿ ಜಾಲದ ಮಾನ್ಯ ಪದ್ಧತಿಯಾಯಿತು. ಪಿಎನ್‌ಜಿ ಎಂದು ಇಂದು ಎಲ್ಲ ಕಡೆಯೂ ಕಾಣುವುದು ಅದೇ. ಯುನಿಸಿಸ್ ಪೇಟೆಂಟಿನ ಅವಧಿ ಅಮೆರಿಕದಲ್ಲಿ 2003ರ ಜೂನ್‌ನಲ್ಲಿ ಮುಗಿಯಿತು. ಸುಂಕದ ಕಟ್ಟೆ ಬಿದ್ದುಹೋಯಿತು. ಜನ ಕಟ್ಟಿದ ಹೊಸ ದಾರಿ ಮಾತ್ರ ಉಳಿಯಿತು.

ಬೆಂಗಳೂರಿನ ಹುಡುಗನ ನಾಲ್ಕು ಪುಟ

ಜಿಐಎಫ್ ಆಗಲಿ ಪಿಎನ್‌ಜಿಯಾಗಲಿ ನಮ್ಮ ಕ್ಯಾಮರಾದ ಚಿತ್ರಕ್ಕೆ ಒಗ್ಗಿದುವಲ್ಲ. ಮೊದಲನೆಯದಕ್ಕೆ ಬಣ್ಣ ಸಾಲದು. ಎರಡನೆಯದರಲ್ಲಿ ಛಾಯಾಚಿತ್ರದ ಗಾತ್ರ ಅಷ್ಟಾಗಿ ಕುಗ್ಗದು. ಲೆಕ್ಕವನ್ನು ನೋಡಿ: ಅಗಲಕ್ಕೆ 4,000, ಎತ್ತರಕ್ಕೆ 3,000 ಚುಕ್ಕೆಗಳ ಸಾಧಾರಣ ಮೊಬೈಲ್ ಚಿತ್ರದಲ್ಲಿ ಒಟ್ಟು 1 ಕೋಟಿ 20 ಲಕ್ಷ ಚುಕ್ಕೆಗಳು. ಒಂದೊಂದಕ್ಕೂ ಕೆಂಪು, ಹಸುರು, ನೀಲಿಗಳೆಂದು ಮೂರು ಬೈಟು ಬೇಕು. ಹಾಗೆಯೇ ಬರೆದಿಟ್ಟರೆ ಒಂದು ಚಿತ್ರಕ್ಕೆ 3 ಕೋಟಿ 60 ಲಕ್ಷ ಬೈಟುಗಳಾದುವು. ಅದನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿಯೂ ಕಣ್ಣಿಗೆ ವ್ಯತ್ಯಾಸ ತೋರದಂತೆ ಮಾಡುವ ಪದ್ಧತಿಯೇ ಜೆಪೆಗ್. 1986ರಲ್ಲಿ ಕೂಡಿದ ಅಂತರರಾಷ್ಟ್ರೀಯ ತಜ್ಞರ ಸಮಿತಿಯೊಂದು ಅದನ್ನು ರೂಪಿಸಿತು. 1992ರಲ್ಲಿ ಅದು ಮಾನ್ಯತೆ ಪಡೆಯಿತು. ಆ ಸಮಿತಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದಲೇ ಈ ಹೆಸರು ಬಂದಿದೆ.

ಜೆಪೆಗ್‌ನ ಜೀವಾಳವಾದ ಗಣಿತ ನಾಸಿರ್ ಅಹ್ಮದ್ ಅವರದು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು, ಇಂದು ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜೆಂದು ನಾವು ಕರೆಯುವ, ಕೆ. ಆರ್. ವೃತ್ತದ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದರು. ಮುಂದಿನ ವ್ಯಾಸಂಗಕ್ಕೆ ಅಮೆರಿಕದ ನ್ಯೂ ಮೆಕ್ಸಿಕೋಗೆ ಹೋಗಿ, ಕೊನೆಗೆ ಕಾನ್ಸಾಸ್ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಚಿತ್ರದ ಅಂಕೆಗಳನ್ನು ಕೊಸೈನ್ ಅಲೆಗಳಾಗಿ ಬಿಡಿಸಿದರೆ ಅದನ್ನು ಬಹಳವಾಗಿ ಕುಗ್ಗಿಸಬಹುದೆಂಬ ಊಹೆ ಅವರಿಗೆ ಹೊಳೆಯಿತು. 1972ರಲ್ಲಿ ಅದರ ಅಭ್ಯಾಸಕ್ಕಾಗಿ ಅಲ್ಲಿಯ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿಗೆ ಧನಸಹಾಯ ಕೋರಿ ಬರೆದರು. ಸಹಾಯ ಬರಲಿಲ್ಲ. ಪರಿಶೀಲಕರಲ್ಲೊಬ್ಬರಿಗೆ ಈ ಯೋಚನೆ ತೀರ ಸರಳವಾಗಿ ಕಂಡಿತಂತೆ! ಹಲವು ವರ್ಷಗಳ ಮೇಲೆ ಬರೆದ ಒಂದು ಲೇಖನದಲ್ಲಿ ಅಹ್ಮದರೇ ಇದನ್ನು ನೆನೆದಿದ್ದಾರೆ.

ಅವರು ಕೈಬಿಡಲಿಲ್ಲ. ಹಣವಿಲ್ಲದೆಯೇ 1973ರ ಬೇಸಗೆಯ ರಜೆಯನ್ನೆಲ್ಲ ಆ ಕೆಲಸಕ್ಕೆ ಕೊಟ್ಟರು. ತಮ್ಮ ಶಿಷ್ಯ ಟಿ. ನಟರಾಜನ್, ಟೆಕ್ಸಾಸಿನಲ್ಲಿದ್ದ ಗೆಳೆಯ ಕೆ. ಆರ್. ರಾವ್ ಇವರೊಡನೆ ಸೇರಿ 1974ರ ಜನವರಿಯಲ್ಲಿ ಫಲಿತವನ್ನು ಪ್ರಕಟಿಸಿದರು. ಲೇಖನದ ಉದ್ದ ನಾಲ್ಕೇ ಪುಟ. ಇಂದು ಜಗತ್ತಿನಲ್ಲಿ ತೆಗೆಯುವ ಚಿತ್ರಗಳ ಬಹುಪಾಲು ಆ ನಾಲ್ಕು ಪುಟಗಳ ಮೂಲಕವೇ ಹಾದುಹೋಗುತ್ತದೆಂದರೆ ಅತಿಶಯೋಕ್ತಿಯಲ್ಲ. ವಿಡಿಯೋ ಕುಗ್ಗಿಸುವ ಪ್ರಮುಖ ಪದ್ಧತಿಗಳೂ ಇದೇ ಬೀಜದಿಂದ ಮೊಳೆತುವು.

ಅದು ಮಾಡುವುದೇನು? ಚಿತ್ರವನ್ನು ಎಂಟು ಚುಕ್ಕೆ ಉದ್ದ, ಎಂಟು ಚುಕ್ಕೆ ಅಗಲದ ಸಣ್ಣ ಚೌಕಗಳಾಗಿ ಕತ್ತರಿಸುತ್ತಾರೆ. ಒಂದೊಂದು ಚೌಕದ 64 ಅಂಕೆಗಳನ್ನು 64 ಅಲೆಗಳ ಪ್ರಮಾಣವಾಗಿ ಮಾರ್ಪಡಿಸುತ್ತಾರೆ. ಮೊದಲನೆಯದು ತಂಬೂರಿಯ ಶ್ರುತಿಯಂತೆ, ಚೌಕದ ಒಟ್ಟು ಬೆಳಕನ್ನು ಹೇಳುತ್ತದೆ. ಉಳಿದುವು ಅದರ ಮೇಲಿನ ಏರಿಳಿತಗಳು. ತೀರ ನವುರಾದ ಏರಿಳಿತಗಳಿಗೆ ನಮ್ಮ ಕಣ್ಣು ಅಷ್ಟಾಗಿ ಲಕ್ಷ್ಯಕೊಡುವುದಿಲ್ಲ. ಅವುಗಳನ್ನು ಒರಟಾಗಿ ಅಳೆದರೆ ಬಹುಪಾಲು ಸೊನ್ನೆಯಾಗುತ್ತವೆ. ಸೊನ್ನೆಗಳ ಉದ್ದ ಸಾಲನ್ನು ಬರೆಯಲು ಹೆಚ್ಚು ಸ್ಥಳ ಬೇಡ. ಹೀಗೆ ಬಿಟ್ಟುದು ಬಿಟ್ಟುದೇ, ಮರಳಿ ಬಾರದು. ಆದುದರಿಂದ ಒಂದು ವಿವರವನ್ನು ಮನೆಯ ಪ್ರತಿಯೊಬ್ಬರೂ ತಿಳಿದಿರಬೇಕು. ಜೆಪೆಗ್ ಚಿತ್ರವನ್ನು ಸಾವಿರ ಸಲ ತೆರೆದು ನೋಡಿದರೂ ಸವೆಯದು. ಆದರೆ ತಿದ್ದಿ, ಅದೇ ಹೆಸರಿನಲ್ಲಿ ಮತ್ತೆ ಮತ್ತೆ ಉಳಿಸಿದರೆ ಪ್ರತಿ ಸಲವೂ ತುಸು ತುಸು ಸವೆಯುತ್ತದೆ.

ಓದುವವನು ಮನೆಗೆ ಬರುವುದು

ಪದ್ಧತಿ ಹುಟ್ಟಿದ ಮಾತ್ರಕ್ಕೆ ಓದುವವನು ಹುಟ್ಟಲಿಲ್ಲ. ಸಮಿತಿ ಕೊಟ್ಟುದು ನಿಯಮಗಳನ್ನು. ನಿಯಮದಂತೆ ಓದಬಲ್ಲ ತಂತ್ರಾಂಶವನ್ನು ಯಾರಾದರೂ ಬರೆಯಬೇಕಷ್ಟೆ. 1991ರ ಅಕ್ಟೋಬರಿನಲ್ಲಿ, ಜೆಪೆಗ್‌ಗೆ ವಿಧಿವತ್ತಾದ ಮಾನ್ಯತೆ ಸಿಗುವ ಮೊದಲೇ, ಟಾಮ್ ಲೇನ್ ಮುಂತಾದ ಸ್ವಯಂಸೇವಕರ ಗುಂಪೊಂದು ಅಂಥ ತಂತ್ರಾಂಶವನ್ನು ಬರೆದು ಮೂಲಸಮೇತ ಉಚಿತವಾಗಿ ಹಂಚಿಬಿಟ್ಟಿತು. ಮುಂದೆ ಬಂದ ಎಷ್ಟೋ ತಂತ್ರಾಂಶಗಳ ಒಡಲಿನಲ್ಲಿ ಇದೇ ಕೆಲಸಮಾಡಿತು. ಅದೇ ಕಾಲದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜಾನ್ ಬ್ರಾಡ್ಲಿ ಎಂಬುವರು ಬರೆದ ಎಕ್ಸ್‌ವಿ ಎಂಬ ದರ್ಶಕ ಯುನಿಕ್ಸ್ ಕಂಪ್ಯೂಟರುಗಳಲ್ಲಿ ಮನೆಮಾತಾಗಿದ್ದಿತು.

ಸಾಮಾನ್ಯ ಮನೆಯ ವಿಂಡೋಸ್ ಕಂಪ್ಯೂಟರಿಗೆ ಅಂಥ ಸೇವಕನನ್ನು ಒದಗಿಸಿದವರಲ್ಲಿ ಇರ್ಫಾನ್ ಶ್ಕಿಲ್ಯಾನ್ ಮುಖ್ಯರು. ಅವರ ಹುಟ್ಟೂರು ಬಾಸ್ನಿಯಾದ ಯಾಯ್ತ್ಸೆ. ಊರ ನಡುವೆ ಜಲಪಾತವಿರುವ ಈ ಪಟ್ಟಣದಲ್ಲಿಯೇ 1943ರಲ್ಲಿ ಯುಗೊಸ್ಲಾವಿಯಾ ಒಕ್ಕೂಟದ ತಳಹದಿ ಹಾಕಿದ ಸಭೆ ಸೇರಿದ್ದಿತು. ಶ್ಕಿಲ್ಯಾನ್ ಆಸ್ಟ್ರಿಯಾದ ವಿಯೆನ್ನಾದಲ್ಲಿ ತಂತ್ರವಿದ್ಯೆಯ ವಿದ್ಯಾರ್ಥಿಯಾಗಿ, 1996ರಲ್ಲಿ ತಾವು ಬರೆದ ದರ್ಶಕವನ್ನು ಲೋಕಕ್ಕೆ ಕೊಟ್ಟರು. ಅದಕ್ಕೆ ತಮ್ಮ ಹೆಸರನ್ನೇ ಸೇರಿಸಿ ಇರ್ಫಾನ್‌ವ್ಯೂ ಎಂದು ಕರೆದರು. ಮನೆಬಳಕೆಗೆ ಅಂದಿನಿಂದಲೂ ಅದಕ್ಕೆ ಕಾಸಿಲ್ಲ. ವ್ಯಾಪಾರಕ್ಕೆ ಬಳಸುವವರು ಮಾತ್ರ ಹಣ ತೆರಬೇಕು.

ಅದನ್ನು ಮನೆಗೆ ಕರೆತರುವುದು ಕಷ್ಟವಲ್ಲ. ಕರ್ತೃವಿನ ಸ್ವಂತ ತಾಣಕ್ಕೇ ಹೋಗುವುದು ಲೇಸು; ಹುಡುಕಾಟದಲ್ಲಿ ಮೊದಲು ಸಿಕ್ಕ ಬಾಗಿಲನ್ನು ತಟ್ಟಿದರೆ ಸೇವಕನ ಜತೆಗೆ ಕರೆಯದ ನೆಂಟರೂ ಒಳನುಗ್ಗಬಹುದು. ಅಲ್ಲಿ 32 ಬಿಟ್, 64 ಬಿಟ್ ಎಂದು ಎರಡು ಬಗೆಯುಂಟು. ಈಚಿನ ಕಂಪ್ಯೂಟರುಗಳಿಗೆ ಎರಡನೆಯದು ಸರಿ. ಕೆಲವೇ ಮೆಗಾಬೈಟಿನ ಆ ಫೈಲನ್ನು ಡೌನ್‌ಲೋಡ್ ಮಾಡಿ ನಡೆಸಿದರೆ ಅದು ನಾಲ್ಕಾರು ಪ್ರಶ್ನೆಗಳನ್ನು ಕೇಳುತ್ತದೆ. ಅವುಗಳಲ್ಲಿ ಮುಖ್ಯವಾದುದು, ಯಾವ ಯಾವ ಜಾತಿಯ ಫೈಲುಗಳು ತನ್ನ ಪಾಲಿಗಿರಲಿ ಎಂಬುದು. ಕಣ್ಣುಮುಚ್ಚಿ ಎಲ್ಲಕ್ಕೂ ಗುರುತು ಹಾಕಿದರೆ ಹಾಡು, ವಿಡಿಯೋಗಳೂ ಅದರ ಬಾಗಿಲಿಗೇ ಹೋಗಿ ನಿಲ್ಲುತ್ತವೆ. ಚಿತ್ರಗಳು ಮಾತ್ರ ಎಂಬುದನ್ನು ಆರಿಸಿದರೆ ಸಾಕು. ಈಚಿನ ವಿಂಡೋಸಿನಲ್ಲಿ ಇಷ್ಟೂ ಆದಮೇಲೆ ಸೆಟ್ಟಿಂಗ್ಸಿಗೆ ಹೋಗಿ, ಚಿತ್ರಗಳನ್ನು ಇದರಿಂದಲೇ ತೆರೆ ಎಂದು ಇನ್ನೊಮ್ಮೆ ಅಪ್ಪಣೆ ಕೊಡಬೇಕಾಗುವುದುಂಟು. ಅಪರೂಪದ ಪದ್ಧತಿಗಳನ್ನು ಓದಲು ಪ್ಲಗಿನ್ ಎಂಬ ಪೂರಕಗಳ ಕಟ್ಟೊಂದು ಅದೇ ತಾಣದಲ್ಲಿ ಬೇರೆಯಾಗಿ ದೊರೆಯುತ್ತದೆ. ಮೂಲವು ಯಾವ ಬಿಟ್ಟಿನದೋ ಪೂರಕವೂ ಅದೇ ಬಿಟ್ಟಿನದಾಗಿರಬೇಕು.

ಬಳಕೆಯಂತೂ ಇನ್ನೂ ಸುಲಭ. ಒಂದು ಚಿತ್ರವನ್ನು ತೆರೆದು ಸ್ಪೇಸ್ ಕೀಲಿಯನ್ನು ಒತ್ತಿದರೆ ಅದೇ ಫೋಲ್ಡರಿನ ಮುಂದಿನ ಚಿತ್ರ, ಬ್ಯಾಕ್‌ಸ್ಪೇಸಿಗೆ ಹಿಂದಿನದು. ಎಂಟರ್ ಒತ್ತಿದರೆ ಚಿತ್ರ ಪರದೆಯ ತುಂಬ ಹರಡಿಕೊಳ್ಳುತ್ತದೆ. ಕೂಡುವ ಗುರುತಿನಿಂದ ಹಿಗ್ಗುತ್ತದೆ, ಕಳೆಯುವ ಗುರುತಿನಿಂದ ಕುಗ್ಗುತ್ತದೆ. ಟಿ ಎಂಬ ಅಕ್ಷರಕ್ಕೆ ಫೋಲ್ಡರಿನ ಚಿತ್ರಗಳೆಲ್ಲ ಅಂಚೆಚೀಟಿಗಳಂತೆ ಸಾಲುಗಟ್ಟುತ್ತವೆ. ಅಡ್ಡ ಬಿದ್ದ ಚಿತ್ರವನ್ನು ನೆಟ್ಟಗೆ ನಿಲ್ಲಿಸಿ ಉಳಿಸಬೇಕಾದರೆ ಜೆಪೆಗ್‌ಗೆಂದೇ ಇರುವ, ಸವೆತವಿಲ್ಲದ ತಿರುಗಿಸುವಿಕೆಯನ್ನು ಬಳಸಬೇಕು; ಅದು ಪೂರಕಗಳ ಕಟ್ಟಿನಲ್ಲಿದೆ.

ಈ ಸೇವಕನ ಒಂದು ಗುಣ ಅಧ್ಯಾಪಕರ ಮನಸ್ಸಿಗೆ ವಿಶೇಷವಾಗಿ ಹಿಡಿಸುವಂಥದು. ಫೈಲಿನ ಹೆಸರಿನ ತುದಿಯಲ್ಲಿ ಪಿಎನ್‌ಜಿ ಎಂದಿದ್ದು ಒಳಗಿರುವುದು ಜೆಪೆಗ್ ಆಗಿದ್ದರೆ ಅದು ಮೋಸಹೋಗುವುದಿಲ್ಲ. ಹೆಸರು ತಪ್ಪಾಗಿದೆ, ತಿದ್ದಲೆ ಎಂದು ಕೇಳುತ್ತದೆ. ಪ್ರತಿಯೊಂದು ಪದ್ಧತಿಯೂ ಫೈಲಿನ ಮೊದಲಲ್ಲಿಯೇ ತನ್ನ ಮುದ್ರೆಯನ್ನೊತ್ತಿರುತ್ತದೆ. ಜೆಪೆಗ್‌ನ ಮೊದಲ ಎರಡು ಬೈಟುಗಳು ಯಾವಾಗಲೂ 255, 216. ಕವಿಯ ಅಂಕಿತವನ್ನು ನೋಡಿ ವಚನಕಾರನನ್ನು ಗುರುತಿಸುವಂತೆ ಅದು ಹೊದಿಕೆಯನ್ನು ಬಿಟ್ಟು ಅಂಕಿತವನ್ನು ನೋಡುತ್ತದೆ.

ಉಳಿದುದು, ಬೀಗಬಿದ್ದುದು

ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠ ಎರಡು ಮರಣಗಳಲ್ಲಿ ಅಡಗಿದೆ. 1992ರಲ್ಲಿ ಕೊಡಕ್ ಕಂಪನಿ ಫೋಟೋ ಸಿಡಿ ಎಂಬುದನ್ನು ಮಾರುಕಟ್ಟೆಗೆ ತಂದಿತು. ಫಿಲ್ಮಿನ ಚಿತ್ರಗಳನ್ನು ಅಂಕೆಯಾಗಿಸಿ ಹೊಳೆಯುವ ತಟ್ಟೆಯಲ್ಲಿ ತುಂಬಿಕೊಡುವ ಏರ್ಪಾಟದು. ಚಿತ್ರದ ಗುಣ ಉತ್ತಮವಾಗಿಯೇ ಇದ್ದಿತು. ಆದರೆ ಬರೆದಿಟ್ಟ ಪದ್ಧತಿಯ ಪೂರ್ಣ ವಿವರವನ್ನು ಕೊಡಕ್ ಲೋಕಕ್ಕೆ ಬಿಟ್ಟುಕೊಡಲಿಲ್ಲ. ಕಾಲಕ್ರಮದಲ್ಲಿ ಆ ಏರ್ಪಾಟನ್ನು ಕಂಪನಿಯೇ ಕೈಬಿಟ್ಟಿತು. 2012ರಲ್ಲಿ ಕಂಪನಿಯೇ ದಿವಾಳಿಯ ಅರ್ಜಿ ಹಾಕಿತು. ತಟ್ಟೆಗಳು ಮನೆಗಳಲ್ಲಿ ಉಳಿದುವು, ಓದುವವನು ಹೊರಟುಹೋದನು. ಕೆಲವು ಹವ್ಯಾಸಿಗಳು ಅಂಕೆಗಳನ್ನೇ ದಿಟ್ಟಿಸಿ, ಕಳೆದುಹೋದ ಲಿಪಿಯನ್ನು ಬಿಡಿಸುವ ಶಾಸನಜ್ಞರಂತೆ ಗುಟ್ಟನ್ನು ಒಡೆದುದರಿಂದ ಮಾತ್ರ ಇಂದಿಗೂ ಅವುಗಳನ್ನು ತೆರೆಯುವ ದಾರಿಯುಂಟು.

ಎರಡನೆಯದು ಪಿಕಾಸಾ. ಗೂಗಲ್ ಕಂಪನಿ 2004ರಲ್ಲಿ ಕೊಂಡುಕೊಂಡು ಉಚಿತವಾಗಿ ಹಂಚಿದ ಈ ದರ್ಶಕ ನಮ್ಮಲ್ಲಿಯೂ ಅನೇಕರಿಗೆ ಪ್ರಿಯವಾಗಿದ್ದಿತು. 2016ರ ಮಾರ್ಚಿನಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಬಳಸುತ್ತಿದ್ದವರಿಗೆ ಬೇಸರವಾಯಿತೇ ಹೊರತು ಚಿತ್ರಗಳಿಗೆ ಏನೂ ಆಗಲಿಲ್ಲ. ಅವು ಇದ್ದುದು ಜೆಪೆಗ್‌ನಲ್ಲಿ. ಒಬ್ಬ ಓದುವವನು ಹೋದರೆ ಹತ್ತು ಮಂದಿ ಓದುವವರು ಬಾಗಿಲಲ್ಲಿದ್ದರು. ಎರಡಕ್ಕೂ ಇರುವ ವ್ಯತ್ಯಾಸವಿಷ್ಟೆ: ಒಂದರ ಲಿಪಿ ಒಬ್ಬನ ಪೆಟ್ಟಿಗೆಯಲ್ಲಿದ್ದಿತು, ಇನ್ನೊಂದರ ಲಿಪಿ ಊರಿಗೆಲ್ಲ ತೆರೆದಿದ್ದಿತು.

ಇಂದಿಗೂ ಈ ಮಾತು ಹಳತಾಗಿಲ್ಲ. 2017ರಿಂದ ಐಫೋನುಗಳು ಚಿತ್ರಗಳನ್ನು ಎಚ್‌ಇಐಸಿ ಎಂಬ ಹೊಸ ರೂಪದಲ್ಲಿ ಬರೆದಿಡುತ್ತ ಬಂದಿವೆ. ಅದು ಇನ್ನೂ ಕಡಮೆ ಸ್ಥಳ ಹಿಡಿಯುತ್ತದೆ, ನಿಜ. ಆದರೆ ವಿದೇಶದಿಂದ ಮಗಳು ಕಳುಹಿಸಿದ ಮೊಮ್ಮಗುವಿನ ಚಿತ್ರ ತಂದೆಯ ಹಳೆಯ ಕಂಪ್ಯೂಟರಿನಲ್ಲಿ ತೆರೆಯದೆ ಕುಳಿತುಬಿಡುವುದೂ ನಿಜ. ಕಳುಹಿಸುವವರು ಫೋನಿನ ಸೆಟ್ಟಿಂಗ್ಸಿನಲ್ಲಿ ಜೆಪೆಗ್ ರೂಪವನ್ನು ಆರಿಸಿಕೊಂಡರೆ ಆ ತೊಂದರೆ ಹುಟ್ಟುವುದೇ ಇಲ್ಲ.

ನಮ್ಮ ಅಜ್ಜಂದಿರ ಕಾಲದಲ್ಲಿ ಒಂದು ಸಂಸಾರಕ್ಕೆ ಜೀವಮಾನದಲ್ಲಿ ಹತ್ತು ಪಟಗಳಿದ್ದರೆ ಹೆಚ್ಚು. ಅವುಗಳಲ್ಲಿ ಒಂದೆರಡಾದರೂ ಗೆದ್ದಲಿಗೂ ಮಳೆಗೂ ತಪ್ಪಿಸಿಕೊಂಡು ನಮ್ಮ ಕೈಸೇರಿವೆ. ನಾವು ಒಂದೇ ಉಪನಯನಕ್ಕೆ ಸಾವಿರ ಚಿತ್ರ ತೆಗೆಯುತ್ತೇವೆ. ನಮ್ಮ ಮೊಮ್ಮಕ್ಕಳಿಗೆ ಅವುಗಳಲ್ಲಿ ಹತ್ತಾದರೂ ಸಿಕ್ಕಾವೆ? ಗೋಡೆಯ ಪಟ ತಾನಾಗಿಯೇ ಉಳಿಯುತ್ತಿದ್ದಿತು. ಅಂಕೆಯೊಳಗಣ ಚಿತ್ರವನ್ನು ಉಳಿಸುವವರಿದ್ದರೆ ಮಾತ್ರ ಉಳಿಯುತ್ತದೆ. ಮಾಡಬೇಕಾದುದು ದೊಡ್ಡ ಕೆಲಸವೇನಲ್ಲ. ಬೇಕಾದ ಚಿತ್ರಗಳನ್ನು ಆರಿಸಿ, ಜೆಪೆಗ್‌ನಂಥ ತೆರೆದ ಪದ್ಧತಿಯಲ್ಲಿ, ಎರಡು ಬೇರೆ ಬೇರೆ ಕಡೆ ಇಡುವುದು. ಹಳೆಯ ಸ್ಟುಡಿಯೋ ಸಿಡಿಗಳಿದ್ದರೆ, ಅವುಗಳನ್ನು ಓದುವ ಡ್ರೈವು ಇನ್ನೂ ಎಲ್ಲಾದರೂ ಸಿಕ್ಕುವ ಕಾಲದಲ್ಲಿಯೇ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು. ಯುಗಾದಿಗೋ ದೀಪಾವಳಿಗೋ ಮನೆಯನ್ನು ಗುಡಿಸಿ ಸಾರಿಸುವಂತೆ, ವರ್ಷಕ್ಕೊಮ್ಮೆ ಅವು ತೆರೆಯುತ್ತವೆಯೇ ಎಂದು ತೆರೆದು ನೋಡುವುದು. ಮತ್ತು, ಫೈಲಿಗೆ ಕ್ಯಾಮರಾ ಕೊಟ್ಟ ಅಂಕೆಯ ಹೆಸರನ್ನು ಅಳಿಸಿ, ಅದರಲ್ಲಿರುವವರ ಹೆಸರನ್ನೂ ವರ್ಷವನ್ನೂ ಬರೆಯುವುದು. ಅಂಕೆಗಳನ್ನು ಓದಿ ಮುಖವನ್ನು ತೋರಿಸುವಷ್ಟು ಕೆಲಸವನ್ನು ದರ್ಶಕ ಮಾಡೀತು. ಆ ಮುಖ ಸೋದರತ್ತೆಯದೆಂದು ಹೇಳುವುದು ಮನೆಯವರೇ ಮಾಡಬೇಕಾದ ಕೆಲಸ.